ಬ್ಯಾಟರಿಗೊಂದು ಬ್ಯಾಟರಿ

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ. ಅದರೊಳಗೆ ಹಾಕುವುದು ಸೆಲ್ಲು. ಹಾಗಾಗಿ ಮೇ ತಿಂಗಳಿಂದ ಜುಲೈವರೆಗೆ ‘ಬ್ಯಾಟರಿಗೆ ಯಾವ ಬ್ಯಾಟರಿ ಹಾಕುವುದು’ ಎಂದು ನಾನು ಗೊಣಗುತ್ತ ತಿರುಗಿದ್ದು ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಈಗ ಕೆಲಸ ಮುಗಿದಿದೆ, ಮುಕ್ಕಾಲು ಪಾಲಾದರೂ. ಆಗಾಗ ಚೀಟಿಯಲ್ಲಿ ಬರೆದಿಟ್ಟದ್ದನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದ್ದೇನೆ.

ಟಾರ್ಚು ಬೇಕಾದದ್ದು ಅಪ್ಪಯ್ಯನಿಗೆ. ಹೊಸನಗರದ ಕಡೆಯ ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಪೈಪಿನಲ್ಲಿ, ಪಂಪಿನ ಹಂಗಿಲ್ಲದೆ. ಮಳೆಗಾಲದಲ್ಲಿ ತರಗೆಲೆ ಬಂದು ಪೈಪಿನ ಬಾಯಿ ಕಟ್ಟುತ್ತದೆ, ಇಲ್ಲವೇ ಹಳ್ಳ ಏರಿ ಪೈಪೇ ಕಳಚಿಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಂತರೆ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಕತ್ತಿ ಹಿಡಿದು ಹೊರಟೇಬಿಡುತ್ತಾರೆ. ಬೆಳಿಗ್ಗೆ ನೋಡಿದರಾಯಿತು ಎಂದರೆ ಕೇಳುವವರಲ್ಲ. ದಾರಿಯಲ್ಲಿ ಉಂಬಳ, ಕಾಡುಹಂದಿ, ಹಳ್ಳ ದಾಟಲು ಒಂದು ಮರದ ಸಂಕ, ಅಂದರೆ ಕಾಲುಸೇತುವೆ. ಟಾರ್ಚು ಕೈಕೊಡುವ ಜಾಗವಲ್ಲ.

ಮೇ 12

ಚಾರ್ಜ್ ಮಾಡುವ ಹಳೆಯ ಪ್ಲಾಸ್ಟಿಕ್ ಟಾರ್ಚನ್ನು ಬಿಚ್ಚಿದೆ. ಕೊಂಡು ವರ್ಷ ತುಂಬಿರಲಿಲ್ಲ. ಒಳಗೆ 4 ವೋಲ್ಟಿನ ಪುಟ್ಟ ಸೀಸದ ಬ್ಯಾಟರಿ, ಮೀಟರಿನಲ್ಲಿ 1.9 ತೋರಿಸಿತು. ಬೇಸಿಗೆಯಲ್ಲಿ ಯಾರೂ ಮುಟ್ಟದೆ ಖಾಲಿಯಾಗಿಯೇ ಮೂಲೆಯಲ್ಲಿ ಕೂತದ್ದು ಅದನ್ನು ಕೊಂದಿತು. ಸೀಸದ ಬ್ಯಾಟರಿಯನ್ನು ಖಾಲಿ ಇಟ್ಟರೆ ಅದು ಮತ್ತೆ ಏಳುವುದಿಲ್ಲ. ಎರಡು ದಿನ ಚಾರ್ಜಿಗೆ ಹಾಕಿದರೂ ಐದು ನಿಮಿಷದ ಬೆಳಕು.

ಅದರ ಚಾರ್ಜರ್ ಭಾಗದಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ. ಅಂದರೆ ಪ್ಲಗ್ಗಿಗೆ ಹಾಕಿದಾಗ ಒಳಗಿನ ತಂತಿಗಳೆಲ್ಲ ನೇರವಾಗಿ 230 ವೋಲ್ಟಿಗೆ ಅಂಟಿಕೊಂಡಿರುತ್ತವೆ. ಇಂಥದ್ದನ್ನು ಬಿಚ್ಚಿ ಚಾರ್ಜಿಗೆ ಹಾಕಿ ಬೆರಳಾಡಿಸಬೇಡಿ. ನಾನು ಆಡಿಸಿರಲಿಲ್ಲ, ಅದೃಷ್ಟ.

ಮೇ 14

1 ವ್ಯಾಟಿನ ಬಿಳಿ ಎಲ್‌ಇಡಿ ನಾಲ್ಕು ತಂದೆ, ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ್ದು, ಒಂದಕ್ಕೆ ₹25. ಮೊದಲು ಬೆಳಕು, ಆಮೇಲೆ ಸೆಲ್ಲು ಎಂದುಕೊಂಡದ್ದು ಮೊದಲ ತಪ್ಪು. ಸೆಲ್ಲು ಯಾವುದೆಂದು ಗೊತ್ತಾಗದೆ ಉಳಿದ ಯಾವ ಭಾಗವನ್ನೂ ಕೊಳ್ಳಬಾರದಿತ್ತು.

ಹಳೆಯ 5 ವೋಲ್ಟಿನ ಮೊಬೈಲ್ ಚಾರ್ಜರಿಗೆ, ಕರೆಂಟು ಮಿತಿಮೀರದಂತೆ ತಡೆಯುವ 5.6 ಓಮಿನ ರೆಸಿಸ್ಟರ್ ಸೇರಿಸಿ ಎಲ್‌ಇಡಿ ಹತ್ತಿಸಿದೆ. ಎಲ್‌ಇಡಿಯ ಎರಡು ತುದಿಗಳ ನಡುವೆ 3.15 ವೋಲ್ಟ್, ಹರಿದದ್ದು 330 ಮಿಲಿಆಂಪ್. ಈ ಎರಡು ಅಂಕಿಗಳನ್ನು ಪೆನ್ನಿನಲ್ಲಿ ಗೋಡೆಯ ಮೇಲೇ ಬರೆದುಕೊಂಡೆ. ಮುಂದಿನದೆಲ್ಲ 3.15ರ ಸುತ್ತಲಿನ ಗುದ್ದಾಟ.

ಮೇ 15: ಎರಡು ದೊಡ್ಡ ಸೆಲ್ಲು

ಅಟ್ಟದ ಮೇಲೆ ಅಪ್ಪಯ್ಯನ ಹಳೆಯ ಹಿತ್ತಾಳೆಯ ಟಾರ್ಚಿತ್ತು, ಎರಡು ದೊಡ್ಡ ಸೆಲ್ಲಿನದು. ಮೈಮೇಲಿನ ನಿಕ್ಕಲ್ ಅರ್ಧ ಸವೆದಿದೆ. ಹೊಸ ಸೆಲ್ಲು ಹಾಕಿ, ಬುರುಡೆ ಬಲ್ಬಿನ ಜಾಗಕ್ಕೆ ಎಲ್‌ಇಡಿಯನ್ನು ತಂತಿಯಲ್ಲಿ ಸಿಕ್ಕಿಸಿದೆ. ಮಿಣುಕು ಹುಳದಷ್ಟು ಬೆಳಕು. ಸೆಲ್ಲುಗಳ ಬಳಿ 3.08 ವೋಲ್ಟ್ ಇದ್ದರೆ ಎಲ್‌ಇಡಿಗೆ ತಲಪುತ್ತಿದ್ದದ್ದು 2.80, ಕರೆಂಟು 40 ಮಿಲಿಆಂಪ್. ನಡುವಿನ 0.28 ಎಲ್ಲಿ ಹೋಯಿತು? ಹಿಂದಿನ ಮುಚ್ಚಳದ ಸ್ಪ್ರಿಂಗಿಗೆ ತುಕ್ಕು, ಸ್ವಿಚ್ಚಿನ ಪಟ್ಟಿಗೆ ಹಸಿರು ಕಿಲುಬು. ಮರಳು ಕಾಗದ ಹಾಕಿ ತಿಕ್ಕಿದ ಮೇಲೆ 2.97 ವೋಲ್ಟ್, 110 ಮಿಲಿಆಂಪ್ ಆಯಿತು. ನಲವತ್ತು ನಿಮಿಷದಲ್ಲಿ ಅದು 60ಕ್ಕೆ ಇಳಿಯಿತು.

ಬುರುಡೆ ಬಲ್ಬಾದರೆ ಸೆಲ್ಲು ಸೋತಂತೆ ಹಳದಿಯಾಗಿ, ಕೆಂಪಾಗಿ ಹೇಗೋ ಮನೆ ಮುಟ್ಟಿಸುತ್ತಿತ್ತು. ಬಿಳಿ ಎಲ್‌ಇಡಿಗೆ ಎರಡು ಸೆಲ್ಲಿನ 3 ವೋಲ್ಟ್ ಹೊಸ್ತಿಲ ಕೆಳಗೇ ಉಳಿಯುತ್ತದೆ.

ಮೇ 17: ಮೂರು ಪೆನ್ ಸೆಲ್ಲು

ಎರಡು ಸಾಲದಿದ್ದರೆ ಮೂರು. ಹೊಸ ಆಲ್ಕಲೈನ್ ಸೆಲ್ಲು ಮೂರಕ್ಕೆ ₹120. ಒಟ್ಟು 4.8 ವೋಲ್ಟ್. ರೆಸಿಸ್ಟರ್ ಹಾಕದೆ ‘ಒಂದು ಸಲ ನೋಡೋಣ’ ಎಂದು ಮುಟ್ಟಿಸಿದೆ. ಬಚ್ಚಲಿನಿಂದ ಕೊಟ್ಟಿಗೆಯವರೆಗೆ ಹಗಲಾಯಿತು. ತಂಗಿಯ ಮಗ ರಜೆಗೆ ಬಂದಿದ್ದ. ‘ಮಾವ, ಇದೇ ಸಾಕಲ್ಲ?’ ಎಂದ. ಮೀಟರು 1.2 ಆಂಪಿಯರ್ ತೋರಿಸುತ್ತಿತ್ತು. ಎರಡನೆಯ ನಿಮಿಷಕ್ಕೆ ಬೆಳಕು ನೀಲಿಗೆ ತಿರುಗಿತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಆರಿತು. ಬಿಲ್ಲೆಯನ್ನು ಮುಟ್ಟಿದ ಬೆರಳಿಗೆ ಬೊಬ್ಬೆ ಎದ್ದಿತು. ₹25 ಹೋಯಿತು.

ಎರಡನೆಯ ಎಲ್‌ಇಡಿಗೆ ಲೆಕ್ಕ ಮಾಡಿಯೇ ಹಾಕಿದೆ: 4.5ರಲ್ಲಿ 3.15 ಕಳೆದು 0.33ರಿಂದ ಭಾಗಿಸಿದರೆ 4.1, ಸಿಗುವುದು 3.9 ಓಮ್. ಆದರೆ ಡಬ್ಬಿಯಲ್ಲಿದ್ದದ್ದು ಕಾಲು ವ್ಯಾಟಿನ ರೆಸಿಸ್ಟರ್, ಅದರ ಮೇಲೆ ಬೀಳುತ್ತಿದ್ದದ್ದು 0.42 ವ್ಯಾಟ್. ಹತ್ತು ನಿಮಿಷದಲ್ಲಿ ಅದರ ಬಣ್ಣದ ಪಟ್ಟೆಗಳೆಲ್ಲ ಒಂದೇ ಕಂದು. 1 ವ್ಯಾಟಿನದನ್ನು ಹಾಕಿದ ಮೇಲೆ ಸರಿಯಾಯಿತು.

ಮೊದಲು 350 ಮಿಲಿಆಂಪ್, ಎರಡೂವರೆ ಗಂಟೆ ಕಳೆದಾಗ 130. ಬೆಳಕು ಇದೆ, ಆದರೆ ಸಂಕದ ಆಚೆ ದಡ ಕಾಣುವ ಬೆಳಕಲ್ಲ. ಒಂದು ವಾರದ ಮಳೆಗೆ ಇಂಥ ನಾಲ್ಕು ಜೊತೆ ಸೆಲ್ಲು ಬೇಕು. ಕೈಬಿಟ್ಟೆ.

ಮೇ 18: ಚೌಕದ ಸೆಲ್ಲು

ಇದು ಸೋದರಳಿಯನ ಸಲಹೆ. 9 ವೋಲ್ಟ್ ಇದೆ, ಹಾಗಾದರೆ ಜಾಸ್ತಿ ಬೆಳಕು ಬರಬೇಕಲ್ಲ ಎಂದು. ತೋರಿಸಿಯೇ ಬಿಡೋಣ ಎಂದು 18 ಓಮ್ ಹಾಕಿ ಹತ್ತಿಸಿದೆ. ಸೆಲ್ಲು ತಕ್ಷಣ 7ಕ್ಕೆ ಕುಸಿಯಿತು, ಅರ್ಧ ಗಂಟೆ ತುಂಬುವುದರೊಳಗೆ ಸುಸ್ತಾಯಿತು. ಅದರ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ರೆಸಿಸ್ಟರನ್ನು ಕಾಯಿಸುವುದಕ್ಕೇ ಹೋಯಿತು. ಆ ಸೆಲ್ಲಿನ ಒಳಗಿರುವುದು ಕಡಲೆಕಾಳಿನಷ್ಟು ದಾಸ್ತಾನು, ವೋಲ್ಟು ಮಾತ್ರ ದೊಡ್ಡದು.

ಇನ್ನೊಂದು ಚೌಕದ ಸೆಲ್ಲು ಉಳಿದಿತ್ತು. 5 ಮಿಲಿಮೀಟರಿನ ಸಣ್ಣ ಎಲ್‌ಇಡಿ ಎರಡನ್ನು ಸಾಲಾಗಿ ಜೋಡಿಸಿ 150 ಓಮ್ ಹಾಕಿದೆ, 18 ಮಿಲಿಆಂಪ್. ಮೊದಲು ಮೂರನ್ನು ಸಾಲಾಗಿ ಹಾಕಿದ್ದೆ, ಮೂರಕ್ಕೆ 9.3 ವೋಲ್ಟ್ ಬೇಕು, ಸರಿಯಾಗಿ ಹತ್ತಲಿಲ್ಲ. ಈ ದೀಪ ಈಗ ಕೊಟ್ಟಿಗೆಯ ಬಾಗಿಲಲ್ಲಿದೆ. ಈ ಎರಡು ತಿಂಗಳಲ್ಲಿ ಹೆಚ್ಚು ಕಾಡದೆ ಕೆಲಸ ಮಾಡಿದ್ದು ಅದೊಂದೇ, ಅದನ್ನು ಯಾರೂ ಕೇಳಿರಲಿಲ್ಲ.

ಮೇ 20: ಚಾರ್ಜ್ ಆಗುವ ಪೆನ್ ಸೆಲ್ಲು

ಹಳೆಯ ಕ್ಯಾಮೆರಾದ ಜೊತೆ ಬಂದಿದ್ದ, 2000 ಮಿಲಿಆಂಪ್ ಗಂಟೆಯ ದಾಸ್ತಾನಿರುವ ನಿಕ್ಕಲ್ ಸೆಲ್ಲು ನಾಲ್ಕು ಇದ್ದವು. ಒಂದಕ್ಕೆ 1.2 ವೋಲ್ಟ್, ಮೂರಕ್ಕೆ 3.6. ರೆಸಿಸ್ಟರ್ 1.5 ಓಮ್ ಸಾಕಾಯಿತು. ಫಲಿತಾಂಶ ನನಗೇ ಅಚ್ಚರಿ: ಐದು ಗಂಟೆ ಹತ್ತು ನಿಮಿಷ, ಹೆಚ್ಚುಕಡಿಮೆ ಒಂದೇ ಬೆಳಕು. ವೋಲ್ಟು ಕಡಿಮೆ ಇರುವ ಸೆಲ್ಲು ಆಲ್ಕಲೈನಿಗಿಂತ ಚೆನ್ನಾಗಿ ದುಡಿಯಿತು, ಏಕೆಂದರೆ ಅದು ಕೊನೆಯವರೆಗೂ ತನ್ನ 1.2ನ್ನು ಬಿಟ್ಟುಕೊಡುವುದಿಲ್ಲ.

ಆದರೂ ಬೇಡವಾಯಿತು. ನಮ್ಮ ಮನೆಯ ಚಾರ್ಜರು ಸೆಲ್ಲುಗಳನ್ನು ಜೋಡಿಜೋಡಿಯಾಗಿ ಮಾತ್ರ ಚಾರ್ಜ್ ಮಾಡುತ್ತದೆ. ಮೂರನೆಯದಕ್ಕೆ ಜೊತೆಗಾರ ಬೇಕು, ಆ ನಾಲ್ಕನೆಯದು ಸದಾ ತುಂಬಿಯೇ ಇರುತ್ತದೆ. ಇನ್ನೊಂದು ಭಯ: ನೋಡಲು ಎಲ್ಲವೂ ಗಡಿಯಾರದ ಸೆಲ್ಲಿನಂತೆಯೇ. ಅಪ್ಪಯ್ಯ ಒಂದು ದಿನ ಸಾಮಾನ್ಯ ಸೆಲ್ಲನ್ನು ಚಾರ್ಜರಿಗೆ ಹಾಕಿಯೇ ಹಾಕುತ್ತಾರೆ. ನೀವು ಒಬ್ಬರೇ ಬಳಸುವವರಾದರೆ, ನಾಲ್ಕು ಸೆಲ್ಲನ್ನೂ ಬಿಡಿಬಿಡಿಯಾಗಿ ಚಾರ್ಜ್ ಮಾಡುವ ಚಾರ್ಜರ್ ಇದ್ದರೆ, ಇಲ್ಲಿಗೇ ನಿಲ್ಲಿಸಿ. ಮುಂದಿನ ರಗಳೆ ಬೇಡ.

ಮೇ 24ರಿಂದ 30: ಲ್ಯಾಪ್‌ಟಾಪಿನ ಸೆಲ್ಲು

ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಒಡೆದೆ. ಒಳಗೆ ಆರು 18650 ಸೆಲ್ಲು. ಹೆಸರೇ ಅಳತೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಎರಡೆರಡರ ಮೂರು ಜೋಡಿ. ಒಂದು ಜೋಡಿ 3.62, ಇನ್ನೊಂದು 3.58, ಮೂರನೆಯದು 0.4 ವೋಲ್ಟ್. ಲಿಥಿಯಂ ಸೆಲ್ಲು ಅಷ್ಟು ಕೆಳಗಿಳಿದ ಮೇಲೆ ಅದನ್ನು ಎಬ್ಬಿಸಬಾರದು ಎಂದು ಗೊತ್ತಿತ್ತು. ಗೊತ್ತಿದ್ದೂ ಒಂದನ್ನು ಚಾರ್ಜಿಗೆ ಹಾಕಿದೆ. ಆಸೆ. ಊಟ ಮುಗಿಸಿ ಬಂದು ಮುಟ್ಟಿದರೆ ಕಾಫಿ ಲೋಟದಷ್ಟು ಬಿಸಿ. ತಂತಿ ಕಿತ್ತು, ಇಕ್ಕಳದಲ್ಲಿ ಹಿಡಿದು ಅಂಗಳದ ಕಲ್ಲಿನ ಮೇಲಿಟ್ಟು, ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಕೂತು ಕಾದೆ. ಏನೂ ಆಗಲಿಲ್ಲ. ಆಗಬಹುದಿತ್ತು.

ಒಳ್ಳೆಯ ಸೆಲ್ಲಿನಲ್ಲಿ ಒಂದನ್ನು ಪೂರ್ತಿ ಚಾರ್ಜ್ ಮಾಡಿ 330 ಮಿಲಿಆಂಪಿನಲ್ಲಿ ಖಾಲಿ ಮಾಡಿದೆ: ನಾಲ್ಕು ಗಂಟೆ ಐವತ್ತು ನಿಮಿಷ, ಅಂದರೆ 1600 ಮಿಲಿಆಂಪ್ ಗಂಟೆ. ಹೊಸದಿದ್ದಾಗ 2200.

ಚಾರ್ಜಿಗೆ ಟಿಪಿ4056 ಎಂಬ ಪುಟ್ಟ ಸರ್ಕೀಟು ಹಲಗೆ, ₹35. ಇದು ಬರುವಾಗ 1 ಆಂಪಿಯರಿಗೆ ಹೊಂದಿಸಿರುತ್ತದೆ. ಮುದಿ ಸೆಲ್ಲಿಗೆ ಅದು ಜಾಸ್ತಿ. ಅದರ ಮೇಲಿನ 1.2 ಕಿಲೋಓಮಿನ ಸಾಸಿವೆಕಾಳಿನಂಥ ರೆಸಿಸ್ಟರ್ ಕಿತ್ತು 2.4 ಹಾಕಿದರೆ ಅರ್ಧ ಆಂಪಿಯರ್. ಕಿತ್ತದ್ದು ಸುಲಭ, ಹಾಕುವಷ್ಟರಲ್ಲಿ ಒಂದು ಹಲಗೆಯ ತಾಮ್ರದ ಪಟ್ಟಿಯೇ ಎದ್ದು ಬಂತು. ಎರಡನೆಯದರಲ್ಲಿ ಸರಿಹೋಯಿತು.

ಈ ಸೆಲ್ಲು ತುಂಬಿದಾಗ 4.2, ಸೋತಾಗ 3. ರೆಸಿಸ್ಟರ್ ಹಾಕಿದರೆ ಮೊದಲು ಕಣ್ಣು ಕುಕ್ಕುತ್ತದೆ, ಕೊನೆಗೆ ಮಂಕು. ಅದಕ್ಕೆ ಎಎಂಸಿ7135 ಎಂಬ ಮೂರು ಕಾಲಿನ ಚಿಪ್ ತಂದೆ, ₹20. ಇದು 350 ಮಿಲಿಆಂಪಿಗಿಂತ ಹೆಚ್ಚು ಬಿಡುವುದಿಲ್ಲ. ರೆಸಿಸ್ಟರಿನಂತೆ ಇದನ್ನೂ ಪಾಸಿಟಿವ್ ಕಡೆ ಹಾಕಿ, ಹತ್ತದೆ, ಚಿಪ್ಪೇ ಹಾಳು ಎಂದು ಎರಡು ದಿನ ಬೈದೆ. ಅದು ಕೂರಬೇಕಾದದ್ದು ಎಲ್‌ಇಡಿಯ ನೆಗೆಟಿವ್ ಕಡೆ.

ಹಳೆಯ ಸೆಲ್ಲು ಬೇಡವೆಂದು ಹೊಸದೊಂದನ್ನು ಕೊಂಡೆ. ಮೈಮೇಲೆ 6800 ಎಂದು ಅಚ್ಚಾಗಿತ್ತು. ಕೈಗೆ ಹಗುರ ಎನಿಸಿ ಪೇಟೆಯ ಚಿನ್ನದಂಗಡಿಯಲ್ಲಿ ತೂಗಿಸಿದೆ: 32 ಗ್ರಾಂ. ಲ್ಯಾಪ್‌ಟಾಪಿನದು 45. ಖಾಲಿ ಮಾಡಿ ಅಳೆದರೆ ಬಂದದ್ದು 900. ಈ ಗಾತ್ರದ ಒಳ್ಳೆಯ ಸೆಲ್ಲುಗಳೇ 3500ರ ಸುತ್ತ ಸುಳಿಯುವಾಗ 6800ನ್ನು ನಂಬಿದ್ದು ನನ್ನ ತಪ್ಪು. ಲೇಬಲ್ ಓದುವ ಮೊದಲು ತೂಗಿ.

ಇಷ್ಟಾದರೂ 18650ರಲ್ಲೇ ಮುಗಿಸುವವನಿದ್ದೆ. ಮೇ 30ರ ಸಂಜೆ ಬಚ್ಚಲಿಗೆ ಹೋದಾಗ ಹಂಡೆಯ ಒಲೆಯ ಮೇಲಿನ ದಂಡೆ ಕಣ್ಣಿಗೆ ಬಿತ್ತು. ಅಪ್ಪಯ್ಯ ಗುಡ್ಡದಿಂದ ಬಂದವರು ಟಾರ್ಚನ್ನು ಇಡುವುದೇ ಅಲ್ಲಿ, ಒಣಗಲಿ ಎಂದು. ನಲವತ್ತು ವರ್ಷದ ಅಭ್ಯಾಸ. ನಾನು ಹೇಳಿದೆ ಎಂದು ಬಿಡುವವರಲ್ಲ. ಬಿಸಿ ಒಲೆಯ ಮೇಲೆ ಲ್ಯಾಪ್‌ಟಾಪಿನ ಸೆಲ್ಲು ಎಂದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಜೂನ್ 8: ಬೀದಿದೀಪದ ಸೆಲ್ಲು

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಸೌರ ಬೀದಿದೀಪಕ್ಕೆ ಹಾಕುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ತಂದೆ: 32650, 6000 ಮಿಲಿಆಂಪ್ ಗಂಟೆ, ₹260, ತುದಿಗಳಿಗೆ ನಿಕ್ಕಲ್ ಪಟ್ಟಿ ಬೆಸೆದದ್ದು. ಪಟ್ಟಿ ಬೆಸೆದದ್ದನ್ನೇ ಕೇಳಿ ತನ್ನಿ. ಸೆಲ್ಲಿನ ಮೈಗೆ ನೇರ ಸೋಲ್ಡರ್ ಮಾಡಿ ಕಾಯಿಸುವುದು ಒಳ್ಳೆಯದಲ್ಲ. ತೂಗಿಸಿದೆ, 142 ಗ್ರಾಂ. ಸಮಾಧಾನವಾಯಿತು.

ಇದರ ವೋಲ್ಟು 3.2. ಗೋಡೆಯ ಮೇಲೆ ಬರೆದಿದ್ದ 3.15ರ ಪಕ್ಕದಲ್ಲಿ ಅದನ್ನು ಬರೆದಾಗ ಒಂದು ತಿಂಗಳು ಬೇರೆ ಬೇರೆ ಸೆಲ್ಲುಗಳನ್ನು ಈ ಎಲ್‌ಇಡಿಗೆ ಬಗ್ಗಿಸಲು ಹೆಣಗಿದ್ದು ನೆನಪಾಗಿ ನಗು ಬಂತು. ಬಿಸಿಯನ್ನೂ ಇದು ಲ್ಯಾಪ್‌ಟಾಪಿನ ಸೆಲ್ಲಿಗಿಂತ ಚೆನ್ನಾಗಿ ತಾಳುತ್ತದೆ, ಬೆಂಕಿ ಹೊತ್ತುವ ಭಯ ಬಹಳ ಕಡಿಮೆ. ಹಾಗೆಂದು ಒಲೆಯ ಮೇಲಿಡಲು ಪರವಾನಗಿ ಅಲ್ಲ.

ಪ್ಲಾಸ್ಟಿಕ್ ಪೈಪಿನಲ್ಲಿ ಟಾರ್ಚಿನ ಒಡಲು ಮಾಡುವ ಯೋಚನೆಯಿತ್ತು. ಸೆಲ್ಲನ್ನು ಮೇಜಿನ ಮೇಲೆ ದೊಡ್ಡ ಸೆಲ್ಲಿನ ಪಕ್ಕ ನಿಲ್ಲಿಸಿದಾಗ ಹೊಳೆಯಿತು: ದಪ್ಪ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಿತ್ತಾಳೆ ಟಾರ್ಚಿನೊಳಗೆ ಬಿಟ್ಟರೆ ಸರ್‍ರನೆ ಇಳಿಯಿತು. ಎರಡು ಸೆಲ್ಲಿನ ಉದ್ದ 123 ಮಿ.ಮೀ.; ಇದು ತುದಿ ಸೇರಿ 70. ಉಳಿದ 53 ಮಿ.ಮೀ. ಜಾಗ ಚಾರ್ಜರ್ ಹಲಗೆಗೆ.

ಜೂನ್ 10ರಿಂದ 16: ಜೋಡಣೆ

ಅಮ್ಮನ ತೂತುಬಿದ್ದ ಅಲ್ಯೂಮಿನಿಯಂ ಬೋಗುಣಿಯ ತಳದಿಂದ ಗುಂಡನೆಯ ಬಿಲ್ಲೆ ಕತ್ತರಿಸಿ, ಟಾರ್ಚಿನ ತಲೆಯೊಳಗೆ ಬಿಗಿಯಾಗಿ ಕೂರುವಂತೆ ಅರದಲ್ಲಿ ಉಜ್ಜಿದೆ. ‘ತೂತು ಮುಚ್ಚಿಸಿ ಹಾಲು ಕಾಯಿಸಬಹುದಿತ್ತು’ ಎಂದು ಅಮ್ಮ ಈಗಲೂ ಹೇಳುತ್ತಾರೆ. ಬಿಲ್ಲೆಯ ಮೇಲೆ ಶಾಖದ ಲೇಪ ಸವರಿ ಎಲ್‌ಇಡಿ, ಹಿಂದೆ 7135. ಬಿಸಿ ಹಿತ್ತಾಳೆಗೆ ಇಳಿಯುತ್ತದೆ. ಒಂದು ಗಂಟೆಯ ನಂತರ ತಲೆ ಬೆಚ್ಚಗಿತ್ತು, ಅಷ್ಟೇ.

ಹಳೆಯ ಪ್ರತಿಫಲಕ ಉಪಯೋಗಕ್ಕೆ ಬರಲಿಲ್ಲ. ಬುರುಡೆ ಬಲ್ಬು ಸುತ್ತಲೂ ಬೆಳಗುತ್ತಿತ್ತು, ಪ್ರತಿಫಲಕ ಅದನ್ನು ಒಟ್ಟುಗೂಡಿಸುತ್ತಿತ್ತು. ಎಲ್‌ಇಡಿ ಮುಂದಕ್ಕೇ ಉಗುಳುವುದರಿಂದ ಬೆಳಕು ಅಂಗಳದ ತುಂಬ ಚೆಲ್ಲಿತು, ದೂರಕ್ಕೆ ಹೋಗಲಿಲ್ಲ. ₹15ರ ಪ್ಲಾಸ್ಟಿಕ್ ಮಸೂರ ಹಾಕಿದ ಮೇಲೆ ತೋಟದ ಆಚೆಯ ಬೇಲಿ ಕಂಡಿತು.

ಟಿಪಿ4056 ಈ ಸೆಲ್ಲಿಗೆ ಆಗದು, ಅದು 4.2ರವರೆಗೆ ತುಂಬುತ್ತದೆ, ಇದಕ್ಕೆ 3.6 ಸಾಕು. ಟಿಪಿ5000 ಹಲಗೆ ತರಿಸಿದೆ, ₹110. ಅದು ಎರಡೂ ಬಗೆಗೆ ಆಗುತ್ತದೆ, ಆದರೆ ಯಾವುದಕ್ಕೆ ಎಂದು ಹಲಗೆಯ ಮೇಲಿನ ಸಣ್ಣ ಜೋಡಣೆಯಲ್ಲಿ ಹೊಂದಿಸಬೇಕು. ನಾನು ನೋಡದೆ ಹಾಕಿದೆ. ಅನುಮಾನ ಬಂದು ಅಳೆದಾಗ 3.78, ಇನ್ನೂ ಏರುತ್ತಿತ್ತು. ಕಿತ್ತು, ಸರಿಮಾಡಿ, ಮತ್ತೆ ಹಾಕಿದೆ. ಸೆಲ್ಲಿಗೆ ಪೆಟ್ಟಾದಂತಿಲ್ಲ. ಹೊಸ ಚಾರ್ಜರನ್ನು ಮೊದಲ ಸಲ ಹಾಕಿ ಊಟಕ್ಕೆ ಹೋಗುವ ಚಟ ಬಿಡಬೇಕು.

ಚಾರ್ಜಿನ ಗುಂಡುಪಿನ್ ಸಾಕೆಟ್ ಹಿಂದಿನ ಮುಚ್ಚಳದಲ್ಲಿ, ₹15. ಮಳೆ ನುಗ್ಗದಂತೆ ಸ್ಕೂಟರಿನ ಹಳೆಯ ಟ್ಯೂಬಿನ ತುಂಡು. ತುಕ್ಕಿನ ಸ್ಪ್ರಿಂಗನ್ನು ತೆಗೆದೇ ಹಾಕಿ ತಂತಿ ಬೆಸೆದೆ.

ಟಾರ್ಚಿನೊಳಗೆ ಉಳಿದ ಸಾಮಾನಿನ ಬೆಲೆ ₹445. ಸುಟ್ಟದ್ದು, ಎಸೆದದ್ದು, ಮೋಸಹೋದದ್ದು ಸೇರಿದರೆ ಸಾವಿರ ದಾಟಿದೆ.

ಜೂನ್ 17

ಬೆಳಿಗ್ಗೆ ಐದಕ್ಕೆ ಹತ್ತಿಸಿಟ್ಟೆ. ಸೆಲ್ಲು ಭರ್ತಿ ಇದ್ದಾಗ 350 ಮಿಲಿಆಂಪ್. ಅರ್ಧ ಗಂಟೆಯಲ್ಲಿ 270ಕ್ಕೆ ಇಳಿದು ಅಲ್ಲೇ ನಿಂತಿತು. 7135 ತನಗೂ ಸ್ವಲ್ಪ ವೋಲ್ಟು ತಿನ್ನುತ್ತದೆ, ಈ ಸೆಲ್ಲಿನಲ್ಲಿ ಕೊಡಲು ಹೆಚ್ಚುವರಿ ಇಲ್ಲ. 350ಕ್ಕೂ 270ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಇಪ್ಪತ್ತು ಗಂಟೆ ನಲವತ್ತು ನಿಮಿಷ ಉರಿಯಿತು. ಕೊನೆಯ ಎರಡು ಗಂಟೆ ಅಲಾರಂ ಇಟ್ಟು ಎದ್ದೆದ್ದು ನೋಡಿದೆ.

ಮರುದಿನ ಮತ್ತೆ ಚಾರ್ಜ್ ಮಾಡಿ ಕೊಟ್ಟಾಗ ಅಪ್ಪಯ್ಯ ಕೈಯಲ್ಲಿ ಹಿಡಿದು ತೂಗಿ, ‘ಇದು ನನ್ನ ಬ್ಯಾಟರಿಯೇ ಅಲ್ಲವಾ?’ ಎಂದರು. ಬೆಳಕಿನ ಬಗ್ಗೆ ಏನೂ ಹೇಳಲಿಲ್ಲ. ಆದರೆ ಅದೇ ರಾತ್ರಿ ಪೈಪು ಸರಿಯಿದ್ದರೂ ‘ಒಮ್ಮೆ ನೋಡಿ ಬರುತ್ತೇನೆ’ ಎಂದು ಗುಡ್ಡಕ್ಕೆ ಹೋಗಿ ಬಂದರು.

ಜುಲೈ 19

ಬೆಳಕು ಕೊನೆಯವರೆಗೂ ಒಂದೇ ಸಮ ಇರುವುದನ್ನು ನಾನು ಗುಣವೆಂದೇ ಬರೆದುಕೊಂಡಿದ್ದೆ. ಆಷಾಢದ ಜಡಿಮಳೆ, ಮೂರು ದಿನದಿಂದ ಕರೆಂಟಿಲ್ಲ. ಅಪ್ಪಯ್ಯ ಅಬ್ಬಿಯ ಬಳಿ ಪೈಪಿಗೆ ಟ್ಯೂಬು ಸುತ್ತುತ್ತಿದ್ದಾಗ ಬೆಳಕು ಮಂಕಾಗತೊಡಗಿ ಹತ್ತು ನಿಮಿಷದಲ್ಲಿ ಇಲ್ಲವೆಂಬಷ್ಟಾಯಿತು. ಹಳೆಯ ಬುರುಡೆ ಬಲ್ಬು ಎರಡು ರಾತ್ರಿ ಮೊದಲೇ ಹಳದಿಯಾಗಿ ಸೂಚನೆ ಕೊಡುತ್ತಿತ್ತು. ಈ ಸೆಲ್ಲು ಕೊಡುವುದಿಲ್ಲ. ಸಂಕವನ್ನು ಕೂತು, ಜರುಗುತ್ತ ದಾಟಿ ಬಂದರಂತೆ. ಜಗಲಿಗೆ ಬಂದು ಟಾರ್ಚನ್ನು ನನ್ನ ಮುಂದಿಟ್ಟು, ‘ನಿನ್ನ ಸೆಲ್ಲು ಹೇಳದೆ ಕೇಳದೆ ಹೋಗುತ್ತದೆ’ ಎಂದರು. ಕಾಲಿನ ಉಂಬಳ ಕೀಳಲು ಸುಣ್ಣ ತಂದುಕೊಟ್ಟು ಸುಮ್ಮನಾದೆ.

ಜುಲೈ 21ರಿಂದ ಆಗಸ್ಟ್ 3

ವೋಲ್ಟು 3.1ಕ್ಕೆ ಇಳಿದಾಗ ಕೆಂಪು ದೀಪ ಹತ್ತಿಸುವ ಸರ್ಕೀಟು ಮಾಡಲು ಹೋಗಿ ಸಿಕ್ಕಿಬಿದ್ದಿದ್ದೇನೆ. ಈ ಸೆಲ್ಲು ದಿನಗಟ್ಟಲೆ 3.2ರ ಹತ್ತಿರವೇ ಕೂತಿರುತ್ತದೆ, 3.1 ತಲಪಿದ ಮೇಲೆ ಉಳಿಯುವುದು ಅರ್ಧ ಗಂಟೆಯೂ ಅಲ್ಲ. ಸೂಚನೆ ಬಂದರೂ ತಡವಾಗಿಯೇ ಬರುತ್ತದೆ.

ಸದ್ಯಕ್ಕೆ ಎರಡು ತೇಪೆ. ಒಂದು 3 ವೋಲ್ಟಿನ ಬಟನ್ ಸೆಲ್ಲಿಗೆ 5 ಮಿ.ಮೀ. ಎಲ್‌ಇಡಿಯ ಎರಡು ಕಾಲು ಕಚ್ಚಿಸಿ, ನಡುವೆ ರಟ್ಟಿನ ಚೂರು ಸಿಕ್ಕಿಸಿ, ಟೇಪು ಸುತ್ತಿ ಟಾರ್ಚಿನ ಬಳೆಗೆ ಕಟ್ಟಿದ್ದೇನೆ. ರಟ್ಟು ಎಳೆದರೆ ಹತ್ತುತ್ತದೆ. ರೆಸಿಸ್ಟರ್ ಬೇಡ, ಆ ಸೆಲ್ಲಿಗೆ ಹೆಚ್ಚು ಕೊಡುವ ತಾಕತ್ತೇ ಇಲ್ಲ. ಸಂಕ ದಾಟಲು ಸಾಕು, ಪರೀಕ್ಷಿಸಿದ್ದೇನೆ, ನಾನೇ ಹೋಗಿ.

ಇನ್ನೊಂದು, ಹತ್ತು ದಿನಕ್ಕೊಮ್ಮೆ ಖಾಲಿ ಆಗಿರಲಿ ಬಿಡಲಿ ಚಾರ್ಜಿಗೆ ಹಾಕುವುದು. ಹಾಕಿದ ದಿನವನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಆಗಸ್ಟ್ 3ಕ್ಕೆ ನನಗೆ ಮರೆತೇಹೋಗಿತ್ತು. ಹೋಗಿ ನೋಡಿದರೆ ಒಂದೂವರೆ ಲೀಟರಿನ ಪಕ್ಕದಲ್ಲಿ ಅಮ್ಮನ ಅಕ್ಷರದಲ್ಲಿ ‘ಬ್ಯಾ’ ಎಂದು ಬರೆದಿತ್ತು.